ಎರಡು ಸಣ್ಣ ಏರ್‌ಪೋರ್ಟ್, ನಡುವೆ 339 ಕಿಮೀ: ಹಾರಾಟ 41 ನಿಮಿಷವೋ, 1 ಗಂಟೆ 10 ನಿಮಿಷವೋ?

ಕಿಟಕಿ ಸೀಟು

ಎಲ್ಲರಿಗೂ ನಮಸ್ಕಾರ. ಒಂದು ಗೊಂದಲ ಇದೆ, ತಿಳಿದವರು ಬಿಡಿಸಿ ಹೇಳಿ.

ಮುಂದಿನ ತಿಂಗಳು ಒಂದು ಸಣ್ಣ ಏರ್‌ಪೋರ್ಟ್‌ನಿಂದ ಇನ್ನೊಂದು ಸಣ್ಣ ಏರ್‌ಪೋರ್ಟ್‌ಗೆ ಹೋಗಬೇಕು. ಇಳಿದ ಮೇಲೆ ಬೇರೆ ಕಂಪನಿಯ ಇನ್ನೊಂದು ವಿಮಾನ ಹಿಡಿಯಬೇಕು. ಮೊದಲ ವಿಮಾನ ಎಟಿಆರ್ 72, ಪ್ರೊಪೆಲ್ಲರ್ ಇರುವ ವಿಮಾನ.

ದೂರ ತೋರಿಸುವ ಒಂದು ಸೈಟ್‌ನಲ್ಲಿ 339, ಸಮಯ 41 ನಿಮಿಷ ಅಂತ ಇದೆ. ಇನ್ನೊಂದರಲ್ಲಿ ದೂರ 183, ಸಮಯ 55 ನಿಮಿಷ. ಟಿಕೆಟ್‌ನಲ್ಲಿ ಮಾತ್ರ 1 ಗಂಟೆ 10 ನಿಮಿಷ ಅಂತ ಬರೆದಿದೆ. ರಸ್ತೆ ಮ್ಯಾಪ್ ತೆಗೆದರೆ 450 ಕಿಮೀ ದಾಟುತ್ತದೆ. ಒಂದೇ ಜಾಗದಿಂದ ಒಂದೇ ಜಾಗಕ್ಕೆ ಇಷ್ಟು ಲೆಕ್ಕ ಯಾಕೆ? ಮುಂದಿನ ವಿಮಾನಕ್ಕೆ ಎಷ್ಟು ಸಮಯ ಬಿಟ್ಟುಕೊಳ್ಳಬೇಕು ಅನ್ನೋದು ನನ್ನ ನಿಜವಾದ ಪ್ರಶ್ನೆ.

ನಕ್ಷೆಪ್ರಿಯ

ದೂರದ ಭಾಗ ನಾನು ಹೇಳುತ್ತೇನೆ. ಸಮಯದ ಭಾಗಕ್ಕೆ ವಿಮಾನದ ಕೆಲಸ ಗೊತ್ತಿರುವವರು ಬರಲಿ.

339 ಮತ್ತು 183 ಎರಡೂ ಒಂದೇ ದೂರ! 183 ಅಂದರೆ ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. 183ನ್ನು 1.852ರಿಂದ ಗುಣಿಸಿ ನೋಡಿ, 339 ಬರುತ್ತದೆ. ವಿಮಾನ ಮತ್ತು ಹಡಗಿನವರು ಇವತ್ತಿಗೂ ಇದೇ ಮೈಲಿಯಲ್ಲಿ ಮಾತಾಡುತ್ತಾರೆ. ರಸ್ತೆ ಬದಿ ಕಾಣುವ ಮೈಲಿ ಇದಲ್ಲ, ಅದು 1.609 ಕಿಮೀ. ದೂರದ ಸೈಟ್‌ಗಳಲ್ಲಿ ಮೂರೂ ಕಲಸಿಕೊಂಡಿರುತ್ತವೆ. ಅಂಕಿ ಪಕ್ಕದಲ್ಲಿ ಏನು ಬರೆದಿದೆ ಅಂತ ಮೊದಲು ನೋಡಿ.

ಈ 339 ಭೂಮಿಯ ಮೈಮೇಲೆ ಎರಡು ಜಾಗಗಳ ನಡುವಿನ ಅತಿ ಹತ್ತಿರದ ದಾರಿ. ಗ್ರೇಟ್ ಸರ್ಕಲ್ ದೂರ ಅಂತಾರೆ. ಇದನ್ನು ನೀವೇ ಕಾಗದದ ಮೇಲೆ ಲೆಕ್ಕ ಹಾಕಬಹುದು. ಒಂದು ಏರ್‌ಪೋರ್ಟ್ 39 ಡಿಗ್ರಿ ಅಕ್ಷಾಂಶದಲ್ಲಿದೆ, ಇನ್ನೊಂದು 41ರಲ್ಲಿದೆ ಅಂದುಕೊಳ್ಳಿ. ರೇಖಾಂಶದಲ್ಲಿ 3 ಡಿಗ್ರಿ ವ್ಯತ್ಯಾಸ ಇದೆ ಅನ್ನಿ. ಅಕ್ಷಾಂಶದ ಒಂದು ಡಿಗ್ರಿ ಎಲ್ಲೇ ಹೋದರೂ ಹೆಚ್ಚುಕಡಿಮೆ 111 ಕಿಮೀ. ಹಾಗಾಗಿ ಉತ್ತರ ದಕ್ಷಿಣವಾಗಿ 222 ಕಿಮೀ. ರೇಖಾಂಶದ ಡಿಗ್ರಿ ಮಾತ್ರ ಧ್ರುವದ ಕಡೆಗೆ ಹೋದಂತೆ ಕಿರಿದಾಗುತ್ತದೆ. 40 ಡಿಗ್ರಿಯಲ್ಲಿ ಅದು ಸುಮಾರು 85 ಕಿಮೀ, 60 ಡಿಗ್ರಿಯಲ್ಲಿ ಬರೀ 55 ಚಿಲ್ಲರೆ. ನಮ್ಮ ಲೆಕ್ಕಕ್ಕೆ 3 ಡಿಗ್ರಿ ಅಂದರೆ 255 ಕಿಮೀ. ಈಗ ಶಾಲೆಯಲ್ಲಿ ಕಲಿತ ಪೈಥಾಗೊರಸ್: 222ರ ವರ್ಗ, 255ರ ವರ್ಗ, ಕೂಡಿಸಿ ವರ್ಗಮೂಲ ತೆಗೆಯಿರಿ. 338 ಬಂತು. ನಡುವೆ ಪಾಯಿಂಟ್ ನಂತರದ ಅಂಕಿಗಳನ್ನು ಬಿಡದೆ ಮಾಡಿದರೆ 339. ಸಣ್ಣ ದೂರಕ್ಕೆ ಇಷ್ಟು ಸಾಕು. ಸಾವಿರಾರು ಕಿಮೀ ಇದ್ದರೆ ಮಾತ್ರ ಗೋಳದ ಸೂತ್ರ ಬೇಕು.

ಇನ್ನೊಂದು ಸೈಟ್ ತೆಗೆದರೆ ಒಂದೆರಡು ಕಿಮೀ ಹೆಚ್ಚುಕಡಿಮೆ ಬರಬಹುದು. ತಲೆ ಕೆಡಿಸಿಕೊಳ್ಳಬೇಡಿ. ಕೆಲವರು ಭೂಮಿಯನ್ನು 6,371 ಕಿಮೀ ತ್ರಿಜ್ಯದ ಗುಂಡು ಅಂತ ಹಿಡಿಯುತ್ತಾರೆ. ಕೆಲವರು ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆ ಅನ್ನೋದನ್ನೂ ಸೇರಿಸುತ್ತಾರೆ. ವ್ಯತ್ಯಾಸ ಶೇಕಡಾ ಅರ್ಧವನ್ನೂ ದಾಟಲ್ಲ.

ಸೂಟ್‌ಕೇಸ್

ನಕ್ಷೆಪ್ರಿಯ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ದೂರ ಹುಡುಕುವಾಗ ಊರಿನ ಹೆಸರು ಹಾಕಬೇಡಿ, ಏರ್‌ಪೋರ್ಟ್‌ನ ಮೂರಕ್ಷರದ ಕೋಡ್ ಹಾಕಿ. ಸಿಡ್ನಿ ಅಂದರೆ ಎಲ್ಲರಿಗೂ ಆಸ್ಟ್ರೇಲಿಯಾ ನೆನಪಾಗುತ್ತದೆ, ಅದರ ಕೋಡ್ ಎಸ್‌ವೈಡಿ. ಕೆನಡಾದ ನೋವಾ ಸ್ಕೋಶಿಯಾದಲ್ಲೂ ಒಂದು ಸಿಡ್ನಿ ಇದೆ, ಅದು ವೈಕ್ಯೂವೈ. ಅಮೆರಿಕದ ಸ್ಯಾನ್ ಹೋಸೆ ಎಸ್‌ಜೆಸಿ, ಕೋಸ್ಟಾ ರಿಕಾದ ಸ್ಯಾನ್ ಹೋಸೆ ಎಸ್‌ಜೆಒ. ಒಂದೇ ಒಂದು ಅಕ್ಷರ ತಪ್ಪಿದರೆ ದೇಶವೇ ಬೇರೆ. ದೊಡ್ಡ ಏರ್‌ಪೋರ್ಟ್‌ಗಿಂತ ಸಣ್ಣವುಗಳಲ್ಲಿ ಈ ಗೊಂದಲ ಜಾಸ್ತಿ, ಯಾಕೆಂದರೆ ಅವುಗಳ ಹೆಸರು ಜನರ ಬಾಯಲ್ಲಿ ಇರುವುದಿಲ್ಲ.

ಕಿಟಕಿ ಸೀಟು

ಕೋಡ್ ಸರಿ ಇದೆ, ಈಗಷ್ಟೇ ಮತ್ತೆ ನೋಡಿದೆ. ಮೈಲಿ ವಿಷಯ ಗೊತ್ತಾಯಿತು, ತುಂಬಾ ಥ್ಯಾಂಕ್ಸ್. ಹಾಗಾದರೆ ವಿಮಾನ ನಿಜವಾಗಿ ಹಾರೋದು 339 ಕಿಮೀ ತಾನೆ? ಎಟಿಆರ್ ವೇಗ ಗಂಟೆಗೆ 500 ಕಿಮೀ ಅಂತ ಓದಿದೆ. ಭಾಗಿಸಿದರೆ 41 ನಿಮಿಷವೇ ಬರುತ್ತದೆ. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು?

ರನ್‌ವೇ 27

ನಾನು ವಿಮಾನಗಳ ಫ್ಲೈಟ್ ಪ್ಲಾನ್ ಮಾಡುವ ಕೆಲಸದಲ್ಲಿ ಇದ್ದವನು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ಈ ಅರ್ಧ ಗಂಟೆಯಲ್ಲೇ ಎಲ್ಲ ಇದೆ.

ಮೊದಲು ಒಂದು ವಿಷಯ. ನಿಮ್ಮ ಮೂರು ಸಮಯಗಳೂ ಸರಿಯೇ. ಅವು ಅಳೆಯುತ್ತಿರುವುದು ಮಾತ್ರ ಬೇರೆ ಬೇರೆ. 41 ಬರೀ ಭಾಗಾಕಾರ. 55 ನಿಮಿಷ ಗಾಲಿ ನೆಲ ಬಿಟ್ಟಾಗಿನಿಂದ ನೆಲ ಮುಟ್ಟುವವರೆಗಿನ ಅಂದಾಜು. 1 ಗಂಟೆ 10 ನಿಮಿಷ ಅಂದರೆ ಬ್ಲಾಕ್ ಟೈಮ್, ವಿಮಾನ ನಿಂತ ಜಾಗ ಬಿಟ್ಟು ಕದಲಿದ ಕ್ಷಣದಿಂದ ಇನ್ನೊಂದು ಕಡೆ ಬಂದು ಪೂರ್ತಿ ನಿಲ್ಲುವವರೆಗೆ. ಟಿಕೆಟ್ ಮೇಲೆ ಯಾವಾಗಲೂ ಇರೋದು ಈ ಬ್ಲಾಕ್ ಟೈಮೇ.

ಈಗ ನಿಮ್ಮ 339 ಕಿಮೀ ಹಾರಾಟವನ್ನು ತುಂಡು ತುಂಡು ಮಾಡಿ ನೋಡೋಣ. ಗಾಳಿ ಇಲ್ಲ ಅಂದುಕೊಳ್ಳಿ.

ಎಟಿಆರ್ 500 ಕಿಮೀ ವೇಗದಲ್ಲಿ ಹಾರುತ್ತದೆ, ನಿಜ. ಆದರೆ ಅದು ಮೇಲೆ ತಲುಪಿ ನೆಟ್ಟಗಾದ ಮೇಲೆ. ಏರುವಾಗ ಕಾಕ್‌ಪಿಟ್ ಮೀಟರ್‌ನಲ್ಲಿ ಸುಮಾರು 170 ನಾಟ್ ಹಿಡಿದುಕೊಂಡು ಏರುತ್ತಾರೆ. ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಅಂದರೆ ಗಂಟೆಗೆ 315 ಕಿಮೀ. ಮೇಲೆ ಗಾಳಿ ತೆಳುವಾದಂತೆ ನಿಜವಾದ ವೇಗ ಅದಕ್ಕಿಂತ ಹೆಚ್ಚುತ್ತದೆ. 18,000 ಅಡಿಗೆ ಹೋಗಲು ಹದಿನೈದು ನಿಮಿಷ ಹಿಡಿಯುತ್ತದೆ ಅನ್ನಿ, ಅಷ್ಟರಲ್ಲಿ 90 ಕಿಮೀ ಚಿಲ್ಲರೆ ಮುಂದೆ ಹೋಗಿರುತ್ತದೆ.

ಇಳಿಯೋದಕ್ಕೆ ಪೈಲಟ್‌ಗಳ ಬಾಯಿಲೆಕ್ಕ ಒಂದಿದೆ: ಪ್ರತಿ ಸಾವಿರ ಅಡಿಗೆ ಮೂರು ನಾಟಿಕಲ್ ಮೈಲಿ. 18 ಸಾವಿರ ಅಡಿಗೆ 54 ಮೈಲಿ, ಅಂದರೆ 100 ಕಿಮೀ. ಊರು ಇನ್ನೂ 100 ಕಿಮೀ ದೂರ ಇರುವಾಗಲೇ ಇಳಿಯಲು ಶುರು ಮಾಡಬೇಕು. ಇಳಿಯುವಾಗ ಕೊನೆಕೊನೆಗೆ ವೇಗ ತಗ್ಗಿಸುತ್ತಾ ಹೋಗಬೇಕು. ಇದಕ್ಕೂ ಹದಿನೈದು ನಿಮಿಷ ಚಿಲ್ಲರೆ.

ಹಾಗಾದರೆ ಪೂರ್ತಿ ವೇಗದಲ್ಲಿ ಹಾರೋದು ಎಷ್ಟು? ನಡುವಿನ 145 ಕಿಮೀ ಮಾತ್ರ! ಅದಕ್ಕೆ 17, 18 ನಿಮಿಷ. ಎಲ್ಲ ಸೇರಿ 48 ನಿಮಿಷ ಆಯಿತು.

ಇನ್ನು ರನ್‌ವೇ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ನನ್ನ ಹೆಸರಿನಲ್ಲಿರುವ 27 ಅಂದರೆ 270 ಡಿಗ್ರಿ, ಪಶ್ಚಿಮಕ್ಕೆ ಮುಖ ಮಾಡಿದ ರನ್‌ವೇ. ಅದೇ ಪಟ್ಟಿಯ ಇನ್ನೊಂದು ತುದಿಯ ನಂಬರ್ 09, ಪೂರ್ವ. ನೀವು ಪೂರ್ವಕ್ಕೆ ಹೋಗಬೇಕು, ಗಾಳಿ ಪಶ್ಚಿಮದಿಂದ ಬೀಸುತ್ತಿದೆ ಅಂದರೆ ಮೊದಲು ಪಶ್ಚಿಮಕ್ಕೆ ಏರಿ ಆಮೇಲೆ ತಿರುಗಬೇಕು. ಇಳಿಯುವ ಕಡೆಯೂ ಹಾಗೇ. ಸಣ್ಣ ಏರ್‌ಪೋರ್ಟ್‌ಗಳಲ್ಲಿ ಎಷ್ಟೋ ಸಲ ಐಎಲ್‌ಎಸ್ (ಮೋಡ ಇದ್ದರೂ ರೇಡಿಯೊ ಸಂಕೇತದಿಂದ ರನ್‌ವೇಗೆ ದಾರಿ ತೋರಿಸುವ ವ್ಯವಸ್ಥೆ) ಇರೋದು ರನ್‌ವೇಯ ಒಂದೇ ತುದಿಗೆ. ಮೋಡ ಕೆಳಗಿದ್ದರೆ ಸುತ್ತಿಕೊಂಡು ಆ ತುದಿಗೇ ಬರಬೇಕಾಗಬಹುದು. ಇದಕ್ಕೆಲ್ಲ ಐದು ನಿಮಿಷ ಇಡಿ. 53.

ಈ ಕಡೆ ರನ್‌ವೇವರೆಗೆ ಓಡಲು ಐದು, ಆ ಕಡೆ ಇಳಿದು ನಿಲ್ಲಲು ಐದು. ಸಣ್ಣ ಏರ್‌ಪೋರ್ಟ್‌ನ ದೊಡ್ಡ ಅನುಕೂಲ ಇದು, ದೊಡ್ಡ ಕಡೆ ಇದೇ ಇಪ್ಪತ್ತು ನಿಮಿಷ ತಿನ್ನುತ್ತದೆ. 63 ಆಯಿತು. ಉಳಿದ ಏಳು ನಿಮಿಷ ಕಂಪನಿ ಇಟ್ಟುಕೊಂಡ ಸಡಿಲ. 70 ನಿಮಿಷ, ನಿಮ್ಮ ಟಿಕೆಟ್ ಮೇಲಿರುವುದು ಅದೇ.

ನಕ್ಷೆಪ್ರಿಯ

ಅಬ್ಬಾ, ಇಷ್ಟು ಚೆನ್ನಾಗಿ ಬಿಡಿಸಿಟ್ಟಿದ್ದೀರಿ. ದೂರದ ಕಡೆಯಿಂದಲೂ ಇದಕ್ಕೆ ಹೊಂದುವ ಮಾತೊಂದಿದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಐಸಿಎಒ ತನ್ನ ಇಂಗಾಲ ಲೆಕ್ಕದ ಸಾಧನದಲ್ಲಿ ಗ್ರೇಟ್ ಸರ್ಕಲ್ ದೂರವನ್ನು ಹಾಗೇ ಬಳಸಲ್ಲ. 550 ಕಿಮೀ ಒಳಗಿನ ಹಾರಾಟಕ್ಕೆ 50 ಕಿಮೀ ಸೇರಿಸುತ್ತದೆ. 5,500 ಕಿಮೀ ಒಳಗಿದ್ದರೆ 100, ಅದಕ್ಕೂ ಮೇಲಾದರೆ 125. ಈ ಅಂಕಿಗಳನ್ನು ಗಮನಿಸಿ. ದೂರ ಹತ್ತು ಪಟ್ಟಾದರೂ ಸುತ್ತು ಹತ್ತು ಪಟ್ಟಾಗಲ್ಲ. ಸುತ್ತು ಬಹುಪಾಲು ಎರಡು ತುದಿಗಳಲ್ಲೇ ಇರೋದು. 339ಕ್ಕೆ 50 ಸೇರಿಸಿದರೆ 389, ಏಳರಲ್ಲಿ ಒಂದು ಪಾಲು ಹೆಚ್ಚಾಯಿತು. ಅದೇ 5,000 ಕಿಮೀ ಹಾರಾಟಕ್ಕೆ 100 ಕಿಮೀ ಅಂದರೆ ಶೇಕಡಾ 2 ಅಷ್ಟೆ.

ಅದಕ್ಕೇ ಹೇಳೋದು, ಸಣ್ಣ ಹಾರಾಟದಲ್ಲಿ ಸೈಟ್‌ನವರ ಭಾಗಾಕಾರ ಜಾಸ್ತಿ ತಪ್ಪುತ್ತದೆ.

ಹೊಸ ಸದಸ್ಯೆ

ನನ್ನದು ಎರಡು ಪ್ರಶ್ನೆ. ಮೇಲಕ್ಕೆ ಏರಿ ಹಾರುವುದರಿಂದ ದೂರ ಹೆಚ್ಚಾಗುತ್ತದೆ ಅಲ್ವಾ? ಮತ್ತೆ, ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಪಶ್ಚಿಮಕ್ಕೆ ಹೋಗುವ ವಿಮಾನ ಬೇಗ ತಲುಪಬೇಕಲ್ವಾ?

ನಕ್ಷೆಪ್ರಿಯ

ಒಳ್ಳೆ ಪ್ರಶ್ನೆ. ಎತ್ತರದಿಂದ ಹೆಚ್ಚುವ ದೂರ ಲೆಕ್ಕಕ್ಕೇ ಸಿಗದಷ್ಟು ಚಿಕ್ಕದು. 7 ಕಿಮೀ ಎತ್ತರದಲ್ಲಿ 339 ಕಿಮೀ ದಾರಿ ಸುಮಾರು 400 ಮೀಟರ್ ಉದ್ದವಾಗುತ್ತದೆ, ಅಷ್ಟೆ. ಓರೆಯಾಗಿ ಏರುವುದರಿಂದಲೂ ಹಾಗೇ. 110 ಕಿಮೀ ಸಾಗುತ್ತಾ 6 ಕಿಮೀ ಏರಿದರೆ ದಾರಿ 110.16 ಕಿಮೀ. ಏರುವಾಗ ವೇಗ ಕಡಿಮೆ ಅನ್ನೋದು ಸಮಯ ತಿನ್ನುತ್ತದೆ, ದೂರ ಹೆಚ್ಚಿತು ಅಂತಲ್ಲ.

ಭೂಮಿ ತಿರುಗುವಾಗ ಗಾಳಿಯ ಹೊದಿಕೆಯನ್ನೂ ಜೊತೆಗೇ ಎಳೆದುಕೊಂಡು ತಿರುಗುತ್ತದೆ. ವಿಮಾನ ಆ ಗಾಳಿಯೊಳಗೇ ಇರುತ್ತದೆ. ಹಾಗಾಗಿ ಕೆಳಗೆ ಭೂಮಿ ಜಾರಿಕೊಂಡು ಬರಲಿ ಅಂತ ಮೇಲೆ ಸುಮ್ನೆ ನಿಂತಿರಲು ಆಗಲ್ಲ. ವ್ಯತ್ಯಾಸ ತರುವುದು ಭೂಮಿಗೆ ಹೋಲಿಸಿದರೆ ಗಾಳಿ ಯಾವ ಕಡೆ ಓಡುತ್ತಿದೆ ಅನ್ನೋದು.

ರನ್‌ವೇ 27

ಗಾಳಿಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ.

ಸಮಶೀತೋಷ್ಣ ವಲಯದ ಮೇಲೆ 9ರಿಂದ 12 ಕಿಮೀ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನುವ ಜೋರು ಗಾಳಿಯ ಹೊಳೆ ಪಶ್ಚಿಮದಿಂದ ಪೂರ್ವಕ್ಕೆ ಓಡುತ್ತದೆ. 2020ರ ಫೆಬ್ರವರಿಯಲ್ಲಿ ಚಂಡಮಾರುತದ ಗಾಳಿ ಬೆನ್ನಿಗೆ ಸಿಕ್ಕಿ ಬ್ರಿಟಿಷ್ ಏರ್‌ವೇಸ್‌ನ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಸಾಮಾನ್ಯವಾಗಿ ಆರೂವರೆ ಗಂಟೆಯ ಆಸುಪಾಸು ಹಿಡಿಯುವ ದಾರಿ.

ಎಟಿಆರ್‌ನಂಥ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ವಿಮಾನ, ಅಷ್ಟು ಎತ್ತರಕ್ಕೆ ಹೋಗಲ್ಲ. ಅದರ ಮಿತಿ 25,000 ಅಡಿ. ಹಾಗಾಗಿ ಜೆಟ್ ಸ್ಟ್ರೀಮ್‌ನ ನಟ್ಟನಡುವೆ ಅದು ಸಿಕ್ಕಿಕೊಳ್ಳುವುದಿಲ್ಲ. ಆದರೆ ನಿಧಾನದ ವಿಮಾನಕ್ಕೆ ಸಣ್ಣ ಗಾಳಿಯೂ ದೊಡ್ಡದೇ. ಲೆಕ್ಕ ಸುಲಭವಾಗಲಿ ಅಂತ 400 ಕಿಮೀ ಇಟ್ಟುಕೊಳ್ಳೋಣ. ವೇಗ 500, ಎದುರು ಗಾಳಿ 100. ನೆಲದ ಮೇಲಿನ ವೇಗ 400, ಹೋಗಲು ಒಂದು ಗಂಟೆ. ಬರುವಾಗ ಅದೇ ಗಾಳಿ ಬೆನ್ನಿಗೆ, ವೇಗ 600, ಬರಲು 40 ನಿಮಿಷ. ಎರಡೂ ಸೇರಿ 100 ನಿಮಿಷ. ಗಾಳಿಯೇ ಇಲ್ಲದಿದ್ದರೆ 48 ಮತ್ತು 48, ಒಟ್ಟು 96. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಸಿಗಲ್ಲ. ಎದುರು ಗಾಳಿಯಲ್ಲಿ ನಾವು ಇರುವ ಹೊತ್ತೇ ಜಾಸ್ತಿ, ಅದಕ್ಕೆ.

ಟಿಕೆಟ್‌ನಲ್ಲಿ ಹೋಗುವ ಸಮಯಕ್ಕೂ ಬರುವ ಸಮಯಕ್ಕೂ ಐದು, ಹತ್ತು ನಿಮಿಷ ವ್ಯತ್ಯಾಸ ಕಂಡರೆ ಬಹುಪಾಲು ಇದೇ ಕಾರಣ.

ಸೂಟ್‌ಕೇಸ್

ಇದೇ ದಾರಿಗೆ ಜೆಟ್ ಇದ್ದಿದ್ದರೆ ಎಷ್ಟು ಉಳಿಯುತ್ತಿತ್ತು? ಜೆಟ್ 800 ಕಿಮೀ ವೇಗದಲ್ಲಿ ಹೋಗುತ್ತದಲ್ಲ. ಅರ್ಧ ಗಂಟೆಯಲ್ಲಿ ತಲುಪಬಹುದಾ?

ರನ್‌ವೇ 27

ಇಲ್ಲ. ಮೂರರ ಲೆಕ್ಕ ಇಲ್ಲೂ ಹಾಕಿ ನೋಡಿ. 35,000 ಅಡಿಯಿಂದ ಇಳಿಯಲು 105 ನಾಟಿಕಲ್ ಮೈಲಿ, ಸುಮಾರು 195 ಕಿಮೀ ಬೇಕು. ಒಟ್ಟು ದಾರಿಯೇ 339. ಅಷ್ಟು ಮೇಲೆ ಏರಿದರೆ ಏರಿದ ಕೂಡಲೇ ಇಳಿಯಬೇಕು. ಹಾಗಾಗಿ ಜೆಟ್ ಕೂಡ ತಗ್ಗಿನಲ್ಲೇ ಹಾರುತ್ತದೆ. ಜೊತೆಗೆ ಹಲವು ದೇಶಗಳಲ್ಲಿ 10,000 ಅಡಿಗಿಂತ ಕೆಳಗೆ 250 ನಾಟ್ ಮಿತಿ ಇದೆ, ಗಂಟೆಗೆ 463 ಕಿಮೀ. ಅಲ್ಲಿ ಜೆಟ್ ಆದರೂ ಅಷ್ಟೇ. ಇಂಥ ದಾರಿಯಲ್ಲಿ ಉಳಿಯೋದು ಹತ್ತು ನಿಮಿಷ ಅಂದುಕೊಳ್ಳಿ. ಅಷ್ಟಕ್ಕೆ ಸುಡುವ ಇಂಧನ ಮಾತ್ರ ತುಂಬಾ ಜಾಸ್ತಿ. ಸಣ್ಣ ಏರ್‌ಪೋರ್ಟ್‌ಗಳ ನಡುವೆ ಪ್ರೊಪೆಲ್ಲರ್ ವಿಮಾನ ಇನ್ನೂ ಓಡುತ್ತಿರುವುದು ಇದಕ್ಕೇ. ಅದನ್ನು ಹಳೆಯ ಕಾಲದ್ದು ಅಂತ ಜನ ಮೂಗು ಮುರಿದರೆ ನನಗೆ ಬೇಸರವಾಗುತ್ತದೆ. ಈ ದೂರಕ್ಕೆ ಸರಿಯಾದ ವಿಮಾನವೇ ಅದು.

ದ್ವೀಪವಾಸಿ

ಸಣ್ಣ ಹಾರಾಟ ಅಂದಮೇಲೆ ಸ್ಕಾಟ್ಲೆಂಡ್‌ನ ಆರ್ಕ್ನಿ ದ್ವೀಪಗಳ ಮಾತು ಬರಲೇಬೇಕು. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವೆ ಲೋಗನ್‌ಏರ್ 1967ರಿಂದ ವಿಮಾನ ಓಡಿಸುತ್ತಿದೆ. ದೂರ ಬರೀ 2.7 ಕಿಮೀ. ವೇಳಾಪಟ್ಟಿಯಲ್ಲಿ ಎರಡು ನಿಮಿಷದ ಒಳಗಿನ ಹಾರಾಟ, ದಾಖಲೆ 53 ಸೆಕೆಂಡ್. ಜಗತ್ತಿನ ಅತಿ ಚಿಕ್ಕ ನಿಗದಿತ ಹಾರಾಟ ಇದೇ. ಬ್ರಿಟನ್ ನಾರ್ಮನ್ ಐಲ್ಯಾಂಡರ್ ಅನ್ನುವ ಪುಟ್ಟ ವಿಮಾನ. ಅಲ್ಲಿಯ ಜನಕ್ಕೆ ಇದು ತಮಾಷೆಯ ಸವಾರಿ ಅಲ್ಲ. ಶಿಕ್ಷಕರು, ವೈದ್ಯರು, ರೋಗಿಗಳು ಓಡಾಡುವ ದಾರಿ.

2016ರಲ್ಲಿ ಬೋಡೆನ್ ಸರೋವರದ ಎರಡು ದಡಗಳ ನಡುವೆಯೂ ಒಂದು ಹಾರಾಟ ಶುರುವಾಗಿತ್ತು. ಸ್ವಿಟ್ಜರ್ಲೆಂಡ್‌ನ ಆಲ್ಟೆನ್‌ರೈನ್‌ನಿಂದ ಜರ್ಮನಿಯ ಫ್ರೀಡ್ರಿಶ್‌ಹಾಫೆನ್‌ಗೆ, ಸುಮಾರು 20 ಕಿಮೀ, 8 ನಿಮಿಷ. ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಎರಡು ಏರ್‌ಪೋರ್ಟ್ ಹತ್ತಿರ ಇದ್ದಷ್ಟೂ ಹಾರಾಟದ ಸಮಯಕ್ಕಿಂತ ಸೆಕ್ಯುರಿಟಿ, ಬೋರ್ಡಿಂಗ್ ಸಮಯವೇ ದೊಡ್ಡದಾಗುತ್ತದೆ. ದಾರಿಯಲ್ಲಿ ನೀರೋ ಬೆಟ್ಟವೋ ಅಡ್ಡ ಬಂದರೆ ಮಾತ್ರ ವಿಮಾನಕ್ಕೆ ಅರ್ಥ.

ಸೂಟ್‌ಕೇಸ್

ಟಿಕೆಟ್ ಓದುವಾಗ ಇನ್ನೊಂದು ಎಚ್ಚರ. ಹೊರಡುವ ಸಮಯ ಹೊರಡುವ ಊರಿನದ್ದು, ತಲುಪುವ ಸಮಯ ತಲುಪುವ ಊರಿನದ್ದು. ಎರಡೂ ಒಂದೇ ದೇಶದಲ್ಲಿದ್ದರೂ ಗಡಿಯಾರ ಬೇರೆ ಇರಬಹುದು. ಸಿಡ್ನಿಯಿಂದ ಗೋಲ್ಡ್ ಕೋಸ್ಟ್ ಸುಮಾರು 680 ಕಿಮೀ, ಹೆಚ್ಚುಕಡಿಮೆ 1 ಗಂಟೆ 20 ನಿಮಿಷದ ಹಾರಾಟ. ಬೇಸಿಗೆಯಲ್ಲಿ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತದೆ, ಗೋಲ್ಡ್ ಕೋಸ್ಟ್ ಇರುವ ಕ್ವೀನ್ಸ್‌ಲ್ಯಾಂಡ್ ಇಡಲ್ಲ. ಹಾಗಾಗಿ 10 ಗಂಟೆಗೆ ಹೊರಟ ವಿಮಾನ 10.20ಕ್ಕೆ ತಲುಪಿದಂತೆ ಟಿಕೆಟ್‌ನಲ್ಲಿ ಕಾಣುತ್ತದೆ. ಗೋಲ್ಡ್ ಕೋಸ್ಟ್ ಏರ್‌ಪೋರ್ಟ್‌ನ ರನ್‌ವೇ ಎರಡೂ ರಾಜ್ಯಗಳ ಗಡಿಯನ್ನೇ ದಾಟಿ ನಿಂತಿದೆ. ಕಣ್ಣಿಗೆ ಕಂಡ ಎರಡು ಸಮಯ ಕಳೆದು ಹಾರಾಟದ ಸಮಯ ಅಂದುಕೊಂಡರೆ ಇಂಥ ಕಡೆ ಲೆಕ್ಕ ಕೆಡುತ್ತದೆ.

ನೇರ ಮಾತು

ಎಲ್ಲ ಸರಿ. ಆದರೆ ಕಂಪನಿಗಳು ಸಡಿಲ ಇಟ್ಟುಕೊಳ್ಳೋದು ಮೋಸ ಅಲ್ವಾ? ತಡವಾಗಿ ಹೊರಟು, ಸಮಯಕ್ಕೆ ಸರಿಯಾಗಿ ತಲುಪಿದೆವು ಅಂತ ಹೇಳಿಕೊಳ್ಳೋದಕ್ಕೆ ತಾನೆ ಇದು? ಪ್ರಯಾಣಿಕರ ಸಮಯಕ್ಕೆ ಬೆಲೆ ಇಲ್ಲವೇ?

ರನ್‌ವೇ 27

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಅಮೆರಿಕದ ಲೆಕ್ಕದಲ್ಲಿ ಹೇಳಿದ ಸಮಯಕ್ಕಿಂತ 15 ನಿಮಿಷದೊಳಗೆ ಬಂದರೆ ಅದು ತಡ ಅಲ್ಲ. ಇಂಥ ಅಳತೆ ಇದ್ದಾಗ ಎರಡು ನಿಮಿಷ ಹೆಚ್ಚಿಗೆ ಬರೆದುಕೊಳ್ಳುವ ಆಸೆ ಬಂದೇ ಬರುತ್ತದೆ. ಅದು ನಿಜ.

ಆದರೆ ಸಡಿಲವೇ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಸಣ್ಣ ದಾರಿಯ ಒಂದು ವಿಮಾನ ದಿನಕ್ಕೆ ಆರೇಳು ಸಲ ಹಾರುತ್ತದೆ. ಬೆಳಿಗ್ಗೆಯ ಹತ್ತು ನಿಮಿಷ ಎಲ್ಲೂ ಕರಗದೆ ಮುಂದಿನ ಹಾರಾಟಕ್ಕೆ ಹೋಗುತ್ತದೆ. ಅಲ್ಲಿ ಇನ್ನೊಂದು ಹತ್ತು ಸೇರುತ್ತದೆ. ಸಂಜೆಯ ಪ್ರಯಾಣಿಕರು ಒಂದು ಗಂಟೆ ಕಾಯುತ್ತಾರೆ. ಆ ಏಳು ನಿಮಿಷ ಸಂಜೆಯವರಿಗಾಗಿ ಇಟ್ಟದ್ದು ಕೂಡ. ನನ್ನ ಪ್ರಕಾರ ಐದರಿಂದ ಹತ್ತು ನಿಮಿಷ ನ್ಯಾಯ. ಇದೇ 339 ಕಿಮೀಗೆ ಯಾರಾದರೂ ಒಂದೂವರೆ ಗಂಟೆ ಬರೆದರೆ ಆಗ ಕೇಳಲೇಬೇಕು.

ಕಾನೂನು ಪುಟ

ದೂರ, ಸಮಯ ಎರಡೂ ಪ್ರಯಾಣಿಕರ ಹಕ್ಕಿಗೆ ಹೇಗೆ ಬರುತ್ತವೆ ಅನ್ನೋದಕ್ಕೆ ಯುರೋಪಿನ ಉದಾಹರಣೆ ಕೊಡುತ್ತೇನೆ. ಅಲ್ಲಿಯ 261/2004 ನಿಯಮದ ಪ್ರಕಾರ ವಿಮಾನ ತುಂಬಾ ತಡವಾದರೆ ಅಥವಾ ರದ್ದಾದರೆ ಪ್ರಯಾಣಿಕರಿಗೆ ಸಿಗುವ ಪರಿಹಾರ ದೂರದ ಮೇಲೆ ನಿಂತಿದೆ. ನಿಯಮ ಬಂದಾಗಿನ ಪಟ್ಟಿಯಲ್ಲಿ 1,500 ಕಿಮೀವರೆಗೆ 250 ಯೂರೋ. ಆ ದೂರವನ್ನು ಗ್ರೇಟ್ ಸರ್ಕಲ್ ಲೆಕ್ಕದಲ್ಲೇ ಅಳೆಯಬೇಕು ಅಂತ ನಿಯಮದಲ್ಲೇ ಬರೆದಿದೆ. ನಡುವೆ ವಿಮಾನ ಬದಲಿಸಿದರೂ ಮೊದಲ ಊರಿನಿಂದ ಕೊನೆಯ ಊರಿಗೆ ನೇರ ದೂರವೇ ಲೆಕ್ಕ ಅಂತ 2017ರಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು.

ಸಮಯದ ಬಗ್ಗೆ 2014ರ ತೀರ್ಪು ಇನ್ನೂ ಚೆನ್ನಾಗಿದೆ. ಜರ್ಮನ್‌ವಿಂಗ್ಸ್‌ನ ವಿಮಾನ ಸಾಲ್ಜ್‌ಬರ್ಗ್‌ನಿಂದ ಕೊಲೋನ್ ಬಾನ್‌ಗೆ ಬಂದಿತ್ತು. ಗಾಲಿ ನೆಲ ಮುಟ್ಟಿದಾಗ 2 ಗಂಟೆ 58 ನಿಮಿಷ ತಡ. ನಿಲ್ಲುವ ಜಾಗಕ್ಕೆ ಬಂದಾಗ 3 ಗಂಟೆ 3 ನಿಮಿಷ ತಡ. ಪರಿಹಾರಕ್ಕೆ ಗಡಿ ಮೂರು ಗಂಟೆ. ಹಾಗಾದರೆ ತಲುಪಿದ್ದು ಯಾವಾಗ? ಕನಿಷ್ಠ ಒಂದು ಬಾಗಿಲು ತೆರೆದು, ಪ್ರಯಾಣಿಕರು ಇಳಿಯಬಹುದು ಅನ್ನುವ ಕ್ಷಣವೇ ತಲುಪಿದ ಸಮಯ ಅಂತ ನ್ಯಾಯಾಲಯ ತೀರ್ಮಾನಿಸಿತು. ಒಳಗೆ ಕೂತವರಿಗೆ ಬಾಗಿಲು ತೆರೆಯುವವರೆಗೂ ಎಲ್ಲಿಗೂ ಹೋಗಲಾಗದು. ಇದಕ್ಕಿಂತ ನ್ಯಾಯವಾದ ಅಳತೆ ಇರಲಾರದು ಅನ್ನಿಸುತ್ತದೆ ನನಗೆ.

ಕಿಟಕಿ ಸೀಟು

ಇಷ್ಟು ತಿಳಿಯುತ್ತದೆ ಅಂದುಕೊಂಡಿರಲಿಲ್ಲ. ಈಗ ಕೊನೆಯ ಪ್ರಶ್ನೆ. ನನ್ನ ವಿಮಾನ ಇಳಿಯುವ ಸಮಯಕ್ಕೂ ಮುಂದಿನ ವಿಮಾನ ಹೊರಡುವ ಸಮಯಕ್ಕೂ ಒಂದು ಗಂಟೆ ಇದೆ. ಬೇರೆ ಬೇರೆ ಟಿಕೆಟ್. ಒಂದು ಬ್ಯಾಗ್ ಚೆಕ್ ಇನ್ ಮಾಡಬೇಕು. ಸಾಕಾ?

ರನ್‌ವೇ 27

ಬೇಡ. ಬೇರೆ ಟಿಕೆಟ್ ಅಂದರೆ ಎರಡನೇ ಕಂಪನಿಗೆ ನೀವು ಹೊಸ ಪ್ರಯಾಣಿಕರು. ಮೊದಲ ವಿಮಾನ ತಡವಾದರೆ ಅವರು ಕಾಯಬೇಕಾಗಿಲ್ಲ. ಬ್ಯಾಗ್ ಇಳಿಸಿಕೊಂಡು, ಮತ್ತೆ ಕೊಟ್ಟು, ಮತ್ತೆ ಸೆಕ್ಯುರಿಟಿ ದಾಟಬೇಕು. ಚೆಕ್ ಇನ್ ಕೌಂಟರ್ ವಿಮಾನ ಹೊರಡುವುದಕ್ಕೆ ಎಷ್ಟೋ ಮೊದಲೇ ಮುಚ್ಚುತ್ತದೆ. ಆ ಸಮಯವನ್ನು ನಿಮ್ಮ ಒಂದು ಗಂಟೆಯಿಂದ ಕಳೆಯಿರಿ, ಕೈಯಲ್ಲಿ ಎಷ್ಟು ಉಳಿಯಿತು ನೋಡಿ.

ವಿಮಾನಗಳ ಓಡಾಟ ತೋರಿಸುವ ಫ್ಲೈಟ್‌ರಾಡಾರ್24 ಸೈಟ್‌ನಲ್ಲಿ ನಿಮ್ಮ ಫ್ಲೈಟ್ ನಂಬರ್ ಹಾಕಿ. ಹಿಂದಿನ ಕೆಲವು ದಿನ ನಿಜವಾಗಿ ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಇಳಿಯಿತು ಅಂತ ಕಾಣುತ್ತದೆ. ಅಲ್ಲಿ ಇಳಿದ ಸಮಯ ಅಂದರೆ ನೆಲ ಮುಟ್ಟಿದ ಸಮಯ. ಬಾಗಿಲು ತೆರೆಯಲು ಇನ್ನೊಂದು ಐದಾರು ನಿಮಿಷ ಸೇರಿಸಿಕೊಳ್ಳಿ. ಸರಾಸರಿ ನೋಡಬೇಡಿ, ಅತಿ ಕೆಟ್ಟ ದಿನ ನೋಡಿ. ಅದಕ್ಕೆ ಹೊಂದುವಷ್ಟು ಅಂತರ ಬಿಡಿ. ಅದೇ ದಾರಿಯಲ್ಲಿ ಬೆಳಗಿನ ಮೊದಲ ಹಾರಾಟ ಇದ್ದರೆ ಅದನ್ನೇ ಹಿಡಿಯಿರಿ. ಅದರ ಹಿಂದೆ ಬೇರೆ ಹಾರಾಟದ ತಡ ಸೇರಿಕೊಂಡಿರುವುದಿಲ್ಲ.

ಕಿಟಕಿ ಸೀಟು

ನೋಡಿದೆ. ಹೆಚ್ಚಿನ ದಿನ ಸರಿಯಾದ ಸಮಯಕ್ಕೇ ಬಂದಿದೆ, ಒಂದು ದಿನ 50 ನಿಮಿಷ ತಡ. ಬೆಳಗಿನ ವಿಮಾನಕ್ಕೆ ಬದಲಿಸಿಕೊಂಡೆ. ಈಗ ನಡುವೆ ನಾಲ್ಕು ಗಂಟೆ ಸಿಗುತ್ತದೆ.

ನಕ್ಷೆಪ್ರಿಯ

ಒಳ್ಳೆಯದಾಯಿತು. ಕೂರುವಾಗ ನಿಮ್ಮ ಫೋನ್‌ನಲ್ಲಿ ಆ ಎರಡು ಏರ್‌ಪೋರ್ಟ್‌ನ ಆಫ್‌ಲೈನ್ ನಕ್ಷೆ ಇಳಿಸಿಕೊಂಡಿರಿ. ಏರೋಪ್ಲೇನ್ ಮೋಡ್‌ನಲ್ಲೂ ಜಿಪಿಎಸ್ ಕೆಲಸ ಮಾಡುತ್ತದೆ, ಕಿಟಕಿ ಪಕ್ಕ ಇದ್ದರೆ ಚೆನ್ನಾಗಿ ಸಿಗುತ್ತದೆ. ಎಲ್ಲಿ ತಿರುಗಿತು, ಎಲ್ಲಿ ಇಳಿಯಲು ಶುರು ಮಾಡಿತು ಅಂತ ನೋಡಿ ಬಂದು ಇಲ್ಲಿ ಬರೆಯಿರಿ. 100 ಕಿಮೀ ಲೆಕ್ಕಕ್ಕೆ ಎಷ್ಟು ಹತ್ತಿರ ಬಂತು ಅಂತ ನಮಗೂ ತಿಳಿಯಬೇಕು.